ಕುರಿಯ ಹಿಂದೆ ನಾಯಿಯ ಬಳಸು ಓಟ

ಪ್ರಶ್ನೆ: ನಮ್ಮ ಒಂದೂವರೆ ವರ್ಷದ ಬಾರ್ಡರ್ ಕೋಲಿ ನಾಯಿ ಕುರಿಗಳನ್ನು ಕಂಡೊಡನೆ ನೇರವಾಗಿ ನುಗ್ಗಿ ಮಂದೆಯನ್ನು ಚದುರಿಸುತ್ತದೆ. ಬ್ರಿಟನ್ನಿನ ಸ್ಪರ್ಧೆಗಳಲ್ಲಿ ಇದೇ ತಳಿಯ ನಾಯಿಗಳು ಅಷ್ಟು ಶಾಂತವಾಗಿ ಕುರಿ ತರುವುದು ಹೇಗೆ?
– ಓದುಗರೊಬ್ಬರು, ಶಿಕಾರಿಪುರ

ಉತ್ತರ: ನುಗ್ಗುವುದು ನಿಮ್ಮ ನಾಯಿಯ ದೋಷವಲ್ಲ, ಮಂದೆಯನ್ನು ಸುತ್ತು ಬಳಸಿ ಹೋಗುವುದನ್ನು ಅದಕ್ಕೆ ಇನ್ನೂ ಕಲಿಸಬೇಕಾಗಿದೆ. ಬ್ರಿಟನ್ನಿನ ಸ್ಪರ್ಧೆಗಳಲ್ಲಿ ಇಂದಿನ ರಾಷ್ಟ್ರೀಯ ಮಟ್ಟದ ಅಂಕಪದ್ಧತಿಯಂತೆ, ಮಂದೆಯ ಹಿಂಬದಿಗೆ ಬಳಸಿ ಓಡುವುದಕ್ಕೆ 20, ಕುರಿಗಳನ್ನು ನಿಂತಲ್ಲಿಂದ ಕದಲಿಸುವುದಕ್ಕೆ 10, ಯಜಮಾನನ ಬಳಿಗೆ ತರುವುದಕ್ಕೆ 20, ಮರಳಿ ದೂರ ಅಟ್ಟುವುದಕ್ಕೆ 30, ಕೆಲವನ್ನು ಬೇರ್ಪಡಿಸುವುದಕ್ಕೂ ದೊಡ್ಡಿಗೆ ಸೇರಿಸುವುದಕ್ಕೂ ತಲಾ 10 ಅಂಕಗಳಿವೆ. ಕದಲಿಸುವ ಆ ಗಳಿಗೆಯೇ, ನನ್ನ ದೃಷ್ಟಿಯಲ್ಲಿ, ಎಲ್ಲಕ್ಕಿಂತ ಸೊಗಸಾದದ್ದು: ನಾಯಿ ಕತ್ತು ತಗ್ಗಿಸಿ, ದೃಷ್ಟಿ ಕೀಳದೆ, ಒಂದೊಂದೇ ಹೆಜ್ಜೆ ಮುಂದಿಡುತ್ತದೆ, ಕುರಿಗಳು ತಲೆಯೆತ್ತಿ ನೋಡಿ, ಗಾಬರಿಯಿಲ್ಲದೆ ತಿರುಗಿ ನಡೆಯುತ್ತವೆ.

ಮಳೆಗಾಲದ ಕೆಸರಿನಲ್ಲಿ ಕುರಿಗಳ ಗೊರಸು ಕೊಳೆಯುವುದರಿಂದ, ಸುಗ್ಗಿ ಮುಗಿದು ಗದ್ದೆ ಒಣಗಿದ ಮೇಲೆ, ಬೇಲಿ ಹಾಕಿದ ಸಣ್ಣ ಜಾಗದಲ್ಲಿ ಐದಾರು ಕುರಿಗಳೊಂದಿಗೆ ಅಭ್ಯಾಸ ಆರಂಭಿಸಿ. ನಾಯಿಗೂ ಕುರಿಗಳಿಗೂ ನಡುವೆ ನೀವೇ ನಿಂತು, ಅದು ಒಳನುಗ್ಗಿದಾಗಲೆಲ್ಲ ಕೋಲು ಅಡ್ಡ ಹಿಡಿದು ಹೊರಕ್ಕೆ ಸರಿಸಿರಿ, ಹೊಡೆಯಬಾರದು. ಗಬ್ಬದ ಕುರಿಗಳ ಮೇಲಂತೂ ಅದನ್ನು ಬಿಡಲೇಬೇಡಿ.