ಅಪ್ಪನಿಗೆ ಒಂದು, ಸಭೆಗೆ ಒಂದು, ವಿದ್ಯಾರ್ಥಿಗಳಿಗೆ ಇನ್ನೊಂದು

ಪ್ರಶ್ನೆ: ನನಗೆ 26 ವರ್ಷ. ಬೆಂಗಳೂರಿನ ಕನ್ನಡ ಕ್ರೈಸ್ತ ಕುಟುಂಬ. ಅಪ್ಪ ಕಾರ್ಖಾನೆಯಿಂದ ನಿವೃತ್ತರು, ನಮ್ಮ ಚರ್ಚಿನ ಸಭೆಯಲ್ಲಿ ಹಿರಿಯರು. ಬ್ರಿಟನ್ನಿನಲ್ಲಿ ಎಂ.ಎಸ್ಸಿ. ಮುಗಿಸಿ ಬಂದು ಇಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಅಲ್ಲಿನ ಮೊದಲ ಚಳಿಗಾಲ ತುಂಬಾ ಒಂಟಿಯಾಗಿದ್ದೆ. ಆಗ ಕ್ಯಾಂಪಸ್ಸಿನ ಕ್ರೈಸ್ತ ಗುಂಪೊಂದು ಕೈಹಿಡಿಯಿತು. ಈಗ ಅದೇ ಊರಿನ ಸಂಸ್ಥೆಯೊಂದು ವಿದೇಶಿ ವಿದ್ಯಾರ್ಥಿಗಳ ನಡುವೆ ಸೇವೆ ಮಾಡಲು ಕರೆದಿದೆ. ಇದು ದೇವರ ಕರೆ ಎಂದು ನನಗೆ ಖಾತ್ರಿಯಾಗಿದೆ. ಸಂಬಳ ಇಲ್ಲ, ಸಭೆಗಳಿಂದ, ಸ್ನೇಹಿತರಿಂದ ನಾನೇ ಸಪೋರ್ಟ್ ಹಣ ಕೂಡಿಸಬೇಕು. ಅಲ್ಲಿ ನಡೆಸಬೇಕಾಗಿರುವುದು ಉಚಿತ ಇಂಗ್ಲಿಷ್ ಕೆಫೆ. ಪೋಸ್ಟರಿನಲ್ಲಿ ಬೈಬಲ್ ಎಂದು ಹಾಕುವುದಿಲ್ಲ, ಆ ಮಾತು ಆಮೇಲೆ ನಿಧಾನಕ್ಕೆ. ಮನೆಯಲ್ಲಿ 'ವಿದ್ಯಾರ್ಥಿ ಕಲ್ಯಾಣದ ಕೆಲಸ, ಸಂಬಳ ಇದೆ' ಎಂದು ಹೇಳಿದ್ದೇನೆ. ಅಷ್ಟಕ್ಕೇ ಅಪ್ಪ, "ಅಂಥ ಕೆಲಸಕ್ಕೆ ಇಲ್ಲಿ ಜಾಗ ಇಲ್ವಾ?" ಎಂದು ಮಾತು ಬಿಟ್ಟಿದ್ದಾರೆ. ನನ್ನ ಎಜುಕೇಶನ್ ಲೋನ್ ಇನ್ನೂ ನಾಲ್ಕು ವರ್ಷ ಇದೆ, ಅದಕ್ಕೆ ಅಪ್ಪನದೂ ಸಹಿ. ಗಂಡು ನೋಡುವ ಮಾತೂ ನಡೆದಿದೆ. ತಿಂಗಳ ಕೊನೆಗೆ ಉತ್ತರ ಕೊಡಬೇಕು. ದೇವರ ಮಾತು ಮೀರಲೋ, ಅಪ್ಪನ ಮಾತು ಮೀರಲೋ?

ಉತ್ತರ: ನಾನು ಕ್ರೈಸ್ತಳಲ್ಲ. ನಿಮಗೆ ಬಂದದ್ದು ದೇವರ ಕರೆಯೋ ಅಲ್ಲವೋ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಅದನ್ನು ನಿಮ್ಮ ಸಭೆಯ ಅಯ್ಯನವರ (ಪಾದ್ರಿಗಳ) ಹತ್ತಿರ ಕೂತು ಮಾತಾಡಿ. ಆದರೆ ದೇವರೋ ಅಪ್ಪನೋ ಎನ್ನುವ ಜಗಳ ನಿಮ್ಮ ಪತ್ರದಲ್ಲಿ ನನಗೆ ಕಾಣಲಿಲ್ಲ. ಅಪ್ಪ ಈ ಸೇವೆ ಬೇಡ ಎಂದಿಲ್ಲವಲ್ಲ! ಬೇಡ ಎನ್ನಲು ಅವರಿಗೆ ವಿಷಯವೇ ಗೊತ್ತಿಲ್ಲ.

ಕಾಣುವುದು ಇಷ್ಟು: ಒಂದೇ ಕೆಲಸಕ್ಕೆ ಮೂರು ಕಥೆ. ಅಪ್ಪನಿಗೆ ಸಂಬಳದ ನೌಕರಿ. ಕಾಣಿಕೆ ಕೊಡುವವರಿಗೆ ಸುವಾರ್ತಾ ಸೇವೆ. ಓದಲು ಬಂದ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಕೆಫೆ. ಮೂವರಿಗೂ ಒಂದೇ ಮಾತು ಹೇಳಲು ಆಗುವ ತನಕ ನೀವು ಹೊರಡಬಾರದು. ನನ್ನ ಸಲಹೆ ಅದೇ. ಉಳಿದದ್ದು ಅದರ ವಿವರ.

ಮೊದಲು ಅಪ್ಪ. ಅವರಿಗೆ ಹೇಳದೆ ಸಪೋರ್ಟ್ ಕೂಡಿಸಲು ಹೊರಟರೆ ಎಷ್ಟು ದಿನ ಗುಟ್ಟು ಉಳಿಯುತ್ತದೆ? ಬೆಂಗಳೂರಿನ ಕನ್ನಡ ಸಭೆಗಳು ಎಷ್ಟು ಚಿಕ್ಕ ಲೋಕ ಅಂತ ನನಗಿಂತ ನಿಮಗೇ ಗೊತ್ತು. ಹಡ್ಸನ್ ಚರ್ಚಿನಲ್ಲಿ ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನದ ಊಟದ ಹೊತ್ತಿಗೆ ಅವೆನ್ಯೂ ರಸ್ತೆಯ ರೈಸ್ ಮೆಮೋರಿಯಲ್ ತಲುಪಿರುತ್ತದೆ. ಆರಾಧನೆ ಮುಗಿಸಿ ಹೊರಗೆ ಬಂದ ಅಪ್ಪನನ್ನು ಯಾರಾದರೂ ತಡೆದು, "ಮಗಳು ಮಿಷನರಿ ಆಗ್ತಾಳಂತಲ್ಲ, ನಮ್ಮನ್ನೂ ದುಡ್ಡು ಕೇಳಿದ್ಳು" ಎಂದರೆ? ಸಭೆಯ ಹಿರಿಯರಿಗೆ ಅದಕ್ಕಿಂತ ದೊಡ್ಡ ಅವಮಾನ ಬೇಡ. ಮಗಳು ಸೇವೆಗೆ ಹೋಗುವುದು ಅವರಿಗೆ ಅವಮಾನ ಅಲ್ಲದೇ ಇರಬಹುದು. ಮೂರನೆಯವರಿಂದ ತಿಳಿಯುವುದು ಖಂಡಿತ ಅವಮಾನ.

ಇನ್ನು ದುಡ್ಡು. ಸಪೋರ್ಟ್ ಕೂಡಿಸಿಕೊಂಡು ಸೇವೆಗೆ ಹೋಗುವುದರಲ್ಲಿ ನಾಚಿಕೆ ಏನಿಲ್ಲ. ನಮ್ಮ ಕಿಟೆಲ್‌ರನ್ನು 1853ರಲ್ಲಿ ಇಲ್ಲಿಗೆ ಕಳಿಸಿದ ಬಾಸೆಲ್ ಮಿಷನ್ ಕೂಡ ಜನರ ಚಿಲ್ಲರೆ ಕಾಸಿನ ಮೇಲೆ ನಡೆಯುತ್ತಿತ್ತು. 1855ರಲ್ಲಿ ಆ ಮಿಷನ್ನಿನವರು ವಾರಕ್ಕೆ ಅರ್ಧ ಬಾಟ್ಸೆನ್ ಕೂಡಿಸುವ ಪದ್ಧತಿ ಶುರು ಮಾಡಿದರು. ಅರ್ಧ ಬಾಟ್ಸೆನ್ ಅಂದರೆ ಬಡವರ ಮನೆಯಲ್ಲೂ ಸಿಗುವಷ್ಟು ಸಣ್ಣ ಕಾಸು. ಯಾರಿಗೂ ಭಾರವಾಗದಷ್ಟು ಕೇಳುವ ಆ ಲೆಕ್ಕ ನನಗೆ ತುಂಬಾ ಹಿಡಿಸುತ್ತದೆ. ನೀವೂ ಹಾಗೇ ಕೇಳಿ. ಇಲ್ಲ ಎನ್ನಲಾಗದ ಚಿಕ್ಕಮ್ಮ, ಪಿಂಚಣಿಯಲ್ಲಿ ಬದುಕುವ ಅಜ್ಜಿ, ನಿಮ್ಮ ಕೈಕೆಳಗೆ ಕೆಲಸ ಮಾಡುವ ಹುಡುಗರು, ಇವರನ್ನು ಬಿಟ್ಟುಬಿಡಿ. ಇಲ್ಲಿಂದ ಕೊಡುವವರಿಗೆ ಇನ್ನೊಂದು ಮಾತೂ ಹೇಳಿ. ಹೊರದೇಶದ ಸಂಸ್ಥೆಗೆ ನೇರವಾಗಿ ಕೊಟ್ಟ ಕಾಣಿಕೆಗೆ 80ಜಿ ತೆರಿಗೆ ವಿನಾಯಿತಿ ಸಿಗುವುದಿಲ್ಲ.

ಸಂಸ್ಥೆಯಿಂದ ಎಲ್ಲವನ್ನೂ ಬರಹದಲ್ಲಿ ತರಿಸಿಕೊಳ್ಳಿ. ತಿಂಗಳಿಗೆ ಎಷ್ಟು ಕೂಡಿಸಬೇಕು, ಅದರಲ್ಲಿ ಕಚೇರಿ ಖರ್ಚಿಗೆ ಅವರು ಎಷ್ಟು ಹಿಡಿಯುತ್ತಾರೆ, ಕಡಿಮೆ ಬಿದ್ದ ತಿಂಗಳು ನಿಮ್ಮ ಬಾಡಿಗೆ ಯಾರು ಕಟ್ಟುತ್ತಾರೆ, ವೀಸಾ ಖರ್ಚು, ವಾಪಸ್ ಟಿಕೆಟ್ ಯಾರದು. ವಿಶ್ವಾಸದ ಕೆಲಸದಲ್ಲಿ ಲೆಕ್ಕ ಕೇಳಬಾರದು ಎಂದು ಯಾರಾದರೂ ಹೇಳಿದರೆ ಇನ್ನೂ ಜಾಸ್ತಿ ಕೇಳಿ. ವೀಸಾ ಯಾವುದು ಎನ್ನುವುದೂ ಮುಖ್ಯ. ಬ್ರಿಟನ್ನಿನ ತಾತ್ಕಾಲಿಕ ರಿಲಿಜಿಯಸ್ ವರ್ಕರ್ ವೀಸಾ ಹೆಚ್ಚೆಂದರೆ ಎರಡು ವರ್ಷದ್ದು. ಅದಕ್ಕೆ ಸಂಸ್ಥೆಯ ಬಳಿ ಸ್ಪಾನ್ಸರ್ ಲೈಸೆನ್ಸ್ ಇರಬೇಕು. ಅದರ ಮೇಲೆ ಅಲ್ಲೇ ಕಾಯಂ ನೆಲೆಸಲು ಆಗುವುದಿಲ್ಲ. "ಸದ್ಯಕ್ಕೆ ವಿಸಿಟರ್ ವೀಸಾದಲ್ಲಿ ಬಂದುಬಿಡು" ಎಂದರೆ ಮಾತು ಅಲ್ಲಿಗೇ ನಿಲ್ಲಿಸಿ.

ವೀಸಾ ಎರಡು ವರ್ಷ, ಸಾಲ ನಾಲ್ಕು ವರ್ಷ. ಕಂತು ತಪ್ಪಿದರೆ ಬ್ಯಾಂಕಿನವರು ಫೋನ್ ಮಾಡುವುದು ಅಪ್ಪನಿಗೆ. ಸಿಬಿಲ್ ಸ್ಕೋರ್ ಇಬ್ಬರದೂ ಬೀಳುತ್ತದೆ. ಕಂತಿನ ಹಣವನ್ನೂ ಸಪೋರ್ಟ್ ಲೆಕ್ಕದಲ್ಲಿ ಸೇರಿಸಿ, ಸೇರಿಸಿದ್ದೇನೆ ಎಂದು ಕೊಡುವವರಿಗೆ ತಿಳಿಸಿ. ಅದು ಮುಜುಗರ ಎನಿಸಿದರೆ ಒಂದೆರಡು ವರ್ಷ ಇಲ್ಲೇ ದುಡಿದು ಸಾಲ ಇಳಿಸಿ ಹೋಗಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನೆಯದನ್ನೇ ಮಾಡುತ್ತಿದ್ದೆ. ತಿಂಗಳ ಕೊನೆಗೆ ಉತ್ತರ ಬೇಕು ಎಂದದ್ದು ಸಂಸ್ಥೆ, ದೇವರಲ್ಲ ಅಲ್ವಾ?

ಮೂರನೆಯ ಕಥೆ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿತು, ಅದೇ ಆ ಪೋಸ್ಟರ್. 2022-23ರಲ್ಲಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳ ವಿದೇಶಿ ವಿದ್ಯಾರ್ಥಿಗಳಲ್ಲಿ ನಮ್ಮವರ ಸಂಖ್ಯೆ ಚೀನಾದವರನ್ನೂ ದಾಟಿತು. ಹಾಗಾಗಿ ನಿಮ್ಮ ಕೆಫೆಗೆ ಬರುವವರಲ್ಲಿ ದಾವಣಗೆರೆಯ ಹುಡುಗ, ಬಸವನಗುಡಿಯ ಹುಡುಗಿ ಇದ್ದೇ ಇರುತ್ತಾರೆ. ಅಂಥವರ ಅಮ್ಮಂದಿರೂ ನನಗೆ ಪತ್ರ ಬರೆಯುತ್ತಾರೆ. "ಮಗ ಶುಕ್ರವಾರ ಶುಕ್ರವಾರ ಬೈಬಲ್ ಓದಲು ಹೋಗ್ತಾನಂತೆ, ಏನು ಮಾಡಲಿ?" ಮಗ ವಯಸ್ಸಿಗೆ ಬಂದವನು, ತಿಳಿದು ಹೋದರೆ ಅದು ಅವನ ಆಯ್ಕೆ, ದುಡ್ಡು ನಿಲ್ಲಿಸಿ ಹೆದರಿಸಬೇಡಿ ಎಂದೇ ಅವರಿಗೆ ಬರೆಯುತ್ತೇನೆ. ಆದರೆ ತಿಳಿದು ಹೋದರೆ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೇ ಕತ್ತಲೆ. ರೂಮಿನಲ್ಲಿ ಒಬ್ಬನೇ ಮ್ಯಾಗಿ ಮಾಡಿಕೊಂಡು ಕೂತ ಹುಡುಗನಿಗೆ ಬಿಸಿ ಸೂಪ್ ಕೊಟ್ಟು, ಹೆಸರು ಹಿಡಿದು ಕರೆದರೆ ಅವನು ಯಾವ ಕೋಣೆಗೆ ಬೇಕಾದರೂ ಬರುತ್ತಾನೆ. ಆ ಒಂಟಿತನ ಹೇಗಿರುತ್ತದೆ ಎಂದು ಅನುಭವಿಸಿದವರು ನೀವು. ಅದನ್ನೇ ಬಾಗಿಲು ಮಾಡಿಕೊಳ್ಳಬೇಡಿ.

ಹೆಸರು ಮುಚ್ಚಿಡದೆಯೂ ಈ ಕೆಲಸ ನಡೆಯುತ್ತದೆ. ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಗಳ ಕ್ರಿಶ್ಚಿಯನ್ ಯೂನಿಯನ್ 1877ರಿಂದ ಇದೆ. ಅಂಥ ಯೂನಿಯನ್‌ಗಳು ಈಗ ಆ ದೇಶದ ಎಷ್ಟೋ ಕ್ಯಾಂಪಸ್ಸುಗಳಲ್ಲಿವೆ. ಹೆಸರಲ್ಲೇ ತಾವು ಯಾರೆಂದು ಹೇಳಿಕೊಂಡಿವೆ, ಆದರೂ ಹುಡುಗರು ಹೋಗುತ್ತಾರೆ. ನಿಮ್ಮ ಪೋಸ್ಟರಿನಲ್ಲೂ 'ನಡೆಸುವವರು ಕ್ರೈಸ್ತರು, ಆಮೇಲೆ ಬೈಬಲ್ ಓದು ಇದೆ, ಬೇಕಾದವರು ಉಳಿಯಬಹುದು' ಎಂದು ಹಾಕಲು ಸಂಸ್ಥೆ ಒಪ್ಪುತ್ತದೆಯೇ ಕೇಳಿ. ಬೈಬಲ್ ಬೇಡ ಎಂದ ಹುಡುಗನಿಗೂ ಮುಂದಿನ ವಾರ ಅದೇ ಸೂಪ್, ಅದೇ ಪ್ರೀತಿ ಸಿಗುತ್ತದೆಯೇ, ಅದನ್ನೂ ಕೇಳಿ. ತಿಂಗಳಿಗೆ ಎಷ್ಟು ಜನ ಒಪ್ಪಿದರು ಎಂಬ ಲೆಕ್ಕ ಕಳಿಸಬೇಕು ಎಂದರೆ ನನಗಂತೂ ಹಿಡಿಸುವುದಿಲ್ಲ.

ಇದೇ ಜಾಗದಲ್ಲಿ ಒಂದು ಎಚ್ಚರಿಕೆ. ಸಪೋರ್ಟ್ ಕೊಡುವವರಿಗೆ ನೀವು ತಿಂಗಳಿಗೊಂದು ಪ್ರಾರ್ಥನಾ ಪತ್ರ ಬರೆಯಬೇಕಾಗುತ್ತದೆ. ಅದರಲ್ಲಿ ಯಾವ ವಿದ್ಯಾರ್ಥಿಯ ಹೆಸರು, ಫೋಟೋ, ಊರು ಹಾಕಬೇಡಿ. ಒಬ್ಬರ ಧರ್ಮದ ವಿವರಕ್ಕೆ ಬ್ರಿಟನ್ನಿನ ಮಾಹಿತಿ ರಕ್ಷಣೆ ಕಾನೂನಿನಲ್ಲಿ ವಿಶೇಷ ರಕ್ಷಣೆ ಇದೆ. ನೇಪಾಳದಲ್ಲಿ 2018ರಲ್ಲಿ ಜಾರಿಗೆ ಬಂದ ದಂಡಸಂಹಿತೆಯ ಪ್ರಕಾರ ಇನ್ನೊಬ್ಬರನ್ನು ಮತಾಂತರ ಮಾಡಿದವರಿಗೆ ಐದು ವರ್ಷದವರೆಗೆ ಜೈಲು. ಅಂಥ ಕಡೆಗೆ ವಾಪಸ್ ಹೋಗುವ ಹುಡುಗನ ಫೋಟೋ ವಾಟ್ಸಾಪಿನಲ್ಲಿ ತಿರುಗಿದರೆ ತೊಂದರೆ ಅವನಿಗೆ, ನಿಮಗಲ್ಲ. ಕಾನೂನು ಬಿಡಿ, ಮೈಸೂರಿನ ಹುಡುಗಿಯ ಫೋಟೋ ಅವಳ ದೊಡ್ಡಪ್ಪನ ಫೋನಿಗೆ ಬಂದರೂ ಸಾಕು.

'ಇಲ್ಲಿ ಜಾಗ ಇಲ್ವಾ' ಎಂಬ ಅಪ್ಪನ ಪ್ರಶ್ನೆ ತಪ್ಪಿಸಿಕೊಳ್ಳುವ ಮಾತು ಎಂದು ನಿಮಗೆ ಅನಿಸಿರಬಹುದು. ನನಗೆ ಅದು ಒಳ್ಳೆಯ ಪ್ರಶ್ನೆ ಎನಿಸಿತು. ಕೊತ್ತನೂರು, ಹೆಣ್ಣೂರು ಕಡೆ ಆಫ್ರಿಕಾದ ವಿದ್ಯಾರ್ಥಿಗಳು ಎಷ್ಟು ಜನ ಇದ್ದಾರೆ ನೋಡಿದ್ದೀರಾ? ಬಾಡಿಗೆ ಮನೆ ಸಿಗಲ್ಲ, ಆಟೋದವರು ನಿಲ್ಲಿಸಲ್ಲ, ಅಕ್ಕಪಕ್ಕದವರು ಮಾತಾಡಿಸಲ್ಲ. ಅವರಲ್ಲಿ ಎಷ್ಟೋ ಜನ ಆಗಲೇ ಕ್ರೈಸ್ತರು, ಹಾಗಾಗಿ ಮತ ಬದಲಿಸುವ ಲೆಕ್ಕವೇ ಬರುವುದಿಲ್ಲ. ನಮ್ಮ ದೇಶದ ಕ್ಯಾಂಪಸ್ಸುಗಳಲ್ಲಿ 1954ರಿಂದ ಕೆಲಸ ಮಾಡುತ್ತಿರುವ ಯು.ಇ.ಎಸ್.ಐ.ಯಂಥ ಕ್ರೈಸ್ತ ವಿದ್ಯಾರ್ಥಿ ಸಂಘಟನೆಯೂ ಇದೆ. ಒಂದು ವರ್ಷ ಶನಿವಾರಗಳನ್ನು ಇಂಥದ್ದಕ್ಕೆ ಕೊಟ್ಟು ನೋಡಿ. ಅದರಲ್ಲಿ ಮನಸ್ಸು ತುಂಬಿದರೆ ನೀವು ಹುಡುಕುತ್ತಿರುವುದು ಈ ಸೇವೆಯೇ. ಬೇಜಾರಾಗಿ ಸುಮ್ನೆ ಆ ಊರಿನ ನೆನಪೇ ಬರುತ್ತಿದ್ದರೆ, ನಿಮಗೆ ಬೇಕಾಗಿರುವುದು ಆ ಊರು, ಆ ಸ್ನೇಹಿತರು. ಅದರಲ್ಲೂ ತಪ್ಪಿಲ್ಲ. ಆದರೆ ಅದಕ್ಕೆ ಇನ್ನೊಬ್ಬರು ದೇವರಿಗೆಂದು ಎತ್ತಿಟ್ಟ ದಶಮಾಂಶ ಯಾಕೆ?

ಮದುವೆಯ ಮಾತು ಸದ್ಯ ಪಕ್ಕಕ್ಕಿಡಿ. ಗಂಡಿನ ಕಡೆಯವರಿಗೂ ನಾಲ್ಕನೆಯ ಕಥೆ ಹೇಳುವ ಸ್ಥಿತಿ ಬರಬಾರದು.

ಈ ವಾರ ಅಪ್ಪನ ಹತ್ತಿರ ಕೂತುಕೊಳ್ಳಿ. ಭಾನುವಾರ ಬೇಡ, ಮನೆಗೆ ಜನ ಬರುತ್ತಾರೆ. ಅಮ್ಮನನ್ನು ರಾಯಭಾರಕ್ಕೆ ಕಳಿಸಬೇಡಿ. "ಅಪ್ಪಾ, ಸಂಬಳ ಇದೆ ಎಂದು ನಾನು ಹೇಳಿದ್ದು ಸುಳ್ಳು" ಎಂದು ಅಲ್ಲಿಂದಲೇ ಶುರು ಮಾಡಿ. ಸಂಸ್ಥೆಯ ಪತ್ರ, ಸಾಲದ ಸ್ಟೇಟ್‌ಮೆಂಟ್ ಎರಡನ್ನೂ ಅವರ ಮುಂದಿಡಿ. ಅವರು ರೇಗಿದರೆ ರೇಗಲಿ, ಎದ್ದು ಹೋಗಬೇಡಿ. ಒಂದು ವರ್ಷ ಸಮಯ ಬೇಕು ಎಂದು ಸಂಸ್ಥೆಗೆ ಮೇಲ್ ಹಾಕುವುದು ಅದಾದ ಮೇಲೆ. ಕಳಿಸುವ ಮುಂಚೆ ಅದನ್ನು ಅಪ್ಪನಿಗೆ ಒಮ್ಮೆ ಓದಲು ಕೊಡಿ.