ಅಪರಿಚಿತರ ಕಣ್ಣಿಗೆ ಕಣ್ಣು ಸೇರಿದಾಗ: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಹೆಸರು ಪ್ರಕಟಿಸಬಾರದೆಂದು ಕೋರಿರುವ ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರಾಂಶ ಹೀಗಿದೆ. ಕೆಲಸದ ಸಲುವಾಗಿ ಬೆಂಗಳೂರಿಗೆ ಬಂದು ನೆಲೆಸಿರುವ ಇವರು ದಾಸರಹಳ್ಳಿಯಿಂದ ಜಯನಗರಕ್ಕೆ ದಿನವೂ ಮೆಟ್ರೊದಲ್ಲಿ ಓಡಾಡುತ್ತಾರೆ. ಗುರುತಿರಲಿ ಬಿಡಲಿ, ಎದುರಾದವರ ಮುಖ ನೋಡಿ ‘ಎಲ್ಲಿಗೆ ಹೊಂಟ್ರಿ?’ ಎಂದು ಕೇಳಿ ರೂಢಿಯಿರುವ ಇವರಿಗೆ, ಇಲ್ಲಿ ಯಾರೂ ಯಾರ ಮುಖವನ್ನೂ ನೋಡದಿರುವುದು ಉಸಿರುಗಟ್ಟಿಸುತ್ತಿದೆ. ಎದುರು ಕುಳಿತ ಹಿರಿಯರೊಬ್ಬರನ್ನು ನೋಡಿ ಮುಗುಳ್ನಕ್ಕಾಗ ಅವರು ಮುಖ ತಿರುಗಿಸಿಕೊಂಡರಂತೆ. ಇನ್ನೊಂದು ದಿನ ಯುವತಿಯೊಬ್ಬರ ಕಣ್ಣಿಗೆ ಕಣ್ಣು ಸೇರಿ, ಇವರು ನೋಟ ಕೀಳುವುದು ತುಸು ತಡವಾದಾಗ ಆಕೆ ಎದ್ದು ಬೋಗಿಯ ಇನ್ನೊಂದು ತುದಿಗೆ ಹೋಗಿ ನಿಂತರಂತೆ. ‘ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹೋಗಿ ಕ್ಷಮೆ ಕೇಳಬೇಕಿತ್ತೇ? ದಿನವೂ ಅದೇ ಗಾಡಿಗೆ ಬರುವ ಒಬ್ಬರನ್ನಾದರೂ ಮಾತನಾಡಿಸಬಹುದೇ? ಈ ಊರಿನವರಿಗೆ ಮನುಷ್ಯರೇ ಬೇಡವೇ?’ ಎಂದು ಅವರು ಕೇಳಿದ್ದಾರೆ.

ಪ್ರಿಯ ಓದುಗರೇ,

ಕ್ಷಮೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಇನ್ನೊಬ್ಬರ ನೆಮ್ಮದಿಯೂ ಸೇರಿದೆ. ನೀವು ಹೋಗಿ ಕ್ಷಮೆ ಕೇಳದಿದ್ದುದೇ ಒಳ್ಳೆಯದಾಯಿತು. ನಿಮ್ಮಿಂದ ದೂರ ಇರಬೇಕೆಂದು ಎದ್ದು ಹೋದವರ ಬಳಿಗೇ ಹೋಗಿ ನಿಂತರೆ, ನಿಮ್ಮ ಮಾತು ಎಷ್ಟೇ ವಿನಯದ್ದಾಗಿದ್ದರೂ, ಆಕೆಗೆ ಮೊದಲು ಕಾಣುವುದು ನೀವು ಹಿಂಬಾಲಿಸಿ ಬಂದಿದ್ದೀರಿ ಎಂಬುದೇ. ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ ಎಂದು ನಾನು ಪೂರ್ತಿಯಾಗಿ ನಂಬುತ್ತೇನೆ. ಆದರೆ ನಂಬುವುದಕ್ಕೆ ನನ್ನ ಮುಂದೆ ನಿಮ್ಮ ದೀರ್ಘ ಪತ್ರವಿದೆ, ಆಕೆಯ ಮುಂದೆ ಇದ್ದುದು ಒಂದು ನೋಟ ಮಾತ್ರ. ಬಸ್ ನಿಲ್ದಾಣದಲ್ಲಿ, ಕಾಲೇಜಿನ ದಾರಿಯಲ್ಲಿ, ಅಂಗಡಿಯ ಮುಂದೆ ಇದುವರೆಗೆ ತನ್ನ ಮೇಲೆ ಬಿದ್ದ ನೋಟಗಳೆಲ್ಲ ಏನಾಗಿ ಪರಿಣಮಿಸಿದವು ಎಂಬ ಅನುಭವದಿಂದ ಆಕೆ ಅದನ್ನು ಅಳೆಯಬೇಕಾಗುತ್ತದೆ, ಅದೂ ಕ್ಷಣಾರ್ಧದಲ್ಲಿ. ಅವುಗಳಲ್ಲಿ ಯಾವುದೋ ಒಂದು ನೋಟ ಮನೆಯ ಬಾಗಿಲವರೆಗೂ ಬೆನ್ನು ಹತ್ತಿದ್ದರೆ, ಎದ್ದು ಹೋಗುವುದೇ ಆಕೆ ಕಲಿತ ಪಾಠವಾಗಿರುತ್ತದೆ. ನೆರೆಯ ತಮಿಳುನಾಡು 2022ರಲ್ಲಿ ತನ್ನ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಬಸ್ಸಿನಲ್ಲಿ ಮಹಿಳೆಯರನ್ನು ದುರುಗುಟ್ಟಿ ನೋಡುವುದನ್ನೂ ಶಿಳ್ಳೆ, ಕಣ್ಸನ್ನೆಗಳ ಸಾಲಿಗೇ ಸೇರಿಸಿತು. ಅಂಥ ಪ್ರಯಾಣಿಕನನ್ನು ಕೆಳಗಿಳಿಸುವ ಅಥವಾ ಪೊಲೀಸರಿಗೆ ಒಪ್ಪಿಸುವ ಅವಕಾಶ ಅಲ್ಲಿನ ಕಂಡಕ್ಟರಿಗಿದೆ. ಸರ್ಕಾರವೊಂದು ನೋಟದ ಬಗ್ಗೆ ನಿಯಮ ಬರೆಯಬೇಕಾಗಿ ಬಂದದ್ದು ಹೆಣ್ಣುಮಕ್ಕಳು ಎಷ್ಟು ಕಾಲದಿಂದ ಎಷ್ಟು ಸಹಿಸಿಕೊಂಡು ಬಂದಿದ್ದಾರೆ ಎಂಬುದಕ್ಕೆ ಸಾಕ್ಷಿ. ಇಂಥ ಸಂದರ್ಭದಲ್ಲಿ ನೀವು ಮಾಡಬಹುದಾದದ್ದು ಇಷ್ಟೇ: ನೋಟವನ್ನು ಬೇರೆಡೆಗೆ ತಿರುಗಿಸಿ ಆ ದಿಕ್ಕಿಗೆ ಮತ್ತೆ ತರದಿರುವುದು. ಆಕೆ ಅದನ್ನು ಗಮನಿಸುತ್ತಾರೆ, ಮತ್ತು ಅದು ಬಾಯಿಮಾತಿನ ಕ್ಷಮೆಗಿಂತ ಆಕೆಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನು ಈ ಊರಿನವರಿಗೆ ಮನುಷ್ಯರೇ ಬೇಡವೇ ಎಂಬ ನಿಮ್ಮ ನೋವಿನ ಪ್ರಶ್ನೆ. ಇದು ಬೆಂಗಳೂರಿನ ಪ್ರಶ್ನೆಯಷ್ಟೇ ಅಲ್ಲ, ಬೆಂಗಳೂರಿಗಿಂತ ಬಹಳ ಮೊದಲೇ ಬೇರೆ ಊರುಗಳು ಎದುರಿಸಿದ ಪ್ರಶ್ನೆ. ಬರ್ಲಿನ್ ನಗರದಲ್ಲಿದ್ದ ಸಮಾಜಶಾಸ್ತ್ರಜ್ಞ ಗೇಯಾರ್ಗ್ ಸಿಮ್ಮೆಲ್ 1908ರಲ್ಲಿ ಒಂದು ಸೂಕ್ಷ್ಮ ಸಂಗತಿಯನ್ನು ಗುರುತಿಸಿದರು: ಹತ್ತೊಂಬತ್ತನೆಯ ಶತಮಾನದಲ್ಲಿ ಬಸ್ಸು, ರೈಲು, ಟ್ರಾಮುಗಳು ಬರುವ ಮೊದಲು, ಮನುಷ್ಯರು ನಿಮಿಷಗಟ್ಟಲೆ, ಗಂಟೆಗಟ್ಟಲೆ ಒಬ್ಬರ ಮುಖ ಒಬ್ಬರು ನೋಡುತ್ತ ಒಂದು ಮಾತೂ ಆಡದೆ ಕುಳಿತಿರಬೇಕಾದ ಸ್ಥಿತಿಯೇ ಇರಲಿಲ್ಲ. ನೀವು ದಿನವೂ ಕುಳಿತುಕೊಳ್ಳುವ ಬೋಗಿಯನ್ನೇ ನೋಡಿ. ಹಾವೇರಿಯಿಂದ ನೀವು ಬರುವ ಸಾರಿಗೆ ಬಸ್ಸಿನಲ್ಲಿ ಸೀಟುಗಳೆಲ್ಲ ಮುಂದಕ್ಕೆ ಮುಖ ಮಾಡಿರುತ್ತವೆ. ನಿಮಗೆ ಕಾಣುವುದು ಮುಂದಿನವರ ಹಿಂದಲೆ ಮತ್ತು ಕಿಟಕಿಯಾಚೆಯ ಹೊಲ. ಸ್ಲೀಪರ್ ಬೋಗಿಯಲ್ಲಿ ಎದುರುಬದುರು ಕುಳಿತರೂ ಇಡೀ ರಾತ್ರಿಯ ಪ್ರಯಾಣ, ಸಾಮಾನು ಸರಿಸಬೇಕು, ಬರ್ತ್ ಬದಲಾಯಿಸಿಕೊಳ್ಳಬೇಕು, ಬುತ್ತಿ ಬಿಚ್ಚಬೇಕು. ಮಾತು ತಾನಾಗಿ ಹುಟ್ಟುತ್ತದೆ. ಮೆಟ್ರೊದಲ್ಲಿ ಸೀಟುಗಳು ಎರಡೂ ಗೋಡೆಗಳ ಉದ್ದಕ್ಕೆ ಇವೆ, ಎದುರಿನವರ ಮುಖ ನೇರವಾಗಿ ನಿಮ್ಮ ಮುಖಕ್ಕೆ, ಆದರೆ ಆ ಮುಖ ಮೂರು ನಿಲ್ದಾಣಗಳಾಚೆ ಇಳಿದು ಹೋಗಿ ಅಲ್ಲಿ ಇನ್ನೊಬ್ಬರು ಕುಳಿತಿರುತ್ತಾರೆ. ಸಂಪಿಗೆ ರಸ್ತೆಯ ನಿಲ್ದಾಣ ದಾಟಿ ಗಾಡಿ ಸುರಂಗಕ್ಕೆ ಇಳಿದ ಮೇಲೆ ನೋಡಲು ಹೊರಗಿನ ದೃಶ್ಯವೂ ಇರುವುದಿಲ್ಲ. ಕಿಟಕಿಯ ಗಾಜು ಕನ್ನಡಿಯಾಗಿ, ಹೊರಗೆ ನೋಡುತ್ತೇನೆಂದು ತಲೆ ಎತ್ತಿದವರ ಕಣ್ಣು ಪಕ್ಕದವರ ಪ್ರತಿಬಿಂಬದ ಕಣ್ಣಿಗೇ ತಾಗುತ್ತದೆ. ಜನ ಮೊಬೈಲಿಗೆ ಮುಖ ಹುದುಗಿಸುವುದಕ್ಕೆ ಮೊಬೈಲಿನ ಆಕರ್ಷಣೆಯ ಜೊತೆಗೆ ಇದೂ ಒಂದು ಕಾರಣ. ಕಣ್ಣಿಗೆ ಒಂದು ನೆಲೆ ಬೇಕು, ಅದು ಯಾರಿಗೂ ತೊಂದರೆಯಾಗದ ನೆಲೆಯಾಗಿರಬೇಕು.

ಹೀಗೆ ನೋಟ ತಗ್ಗಿಸುವುದರಲ್ಲಿ ಮರ್ಯಾದೆ ಇದೆ ಎಂಬುದನ್ನು ಚೆನ್ನಾಗಿ ವಿವರಿಸಿದವರು ಕೆನಡಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್. ಅವರು 1963ರಲ್ಲಿ ಬರೆದಂತೆ, ಬೀದಿಯಲ್ಲಿ ಎದುರಾಗುವ ಇಬ್ಬರು ಅಪರಿಚಿತರು ಒಬ್ಬರನ್ನೊಬ್ಬರು ಒಮ್ಮೆ ನೋಡುತ್ತಾರೆ, ಸಮೀಪಿಸಿದಾಗ ಕಣ್ಣು ಕೆಳಗಿಳಿಸಿ ದಾಟುತ್ತಾರೆ. ರಾತ್ರಿಯ ರಸ್ತೆಯಲ್ಲಿ ಎದುರು ಬರುವ ಗಾಡಿಗಾಗಿ ಚಾಲಕ ಹೆಡ್‌ಲೈಟ್ ಡಿಮ್ ಮಾಡಿದ ಹಾಗೆ. ಮೊದಲ ನೋಟ ‘ನೀವಿರುವುದನ್ನು ಕಂಡೆ’ ಎನ್ನುತ್ತದೆ. ತಗ್ಗಿಸಿದ ಕಣ್ಣು ‘ನಿಮ್ಮಿಂದ ನನಗೆ ಭಯವಿಲ್ಲ, ನನ್ನಿಂದ ನಿಮಗೂ ಬೇಡ, ನಿಮ್ಮ ವಿಷಯ ಕೆದಕುವ ಉದ್ದೇಶವೂ ನನಗಿಲ್ಲ’ ಎನ್ನುತ್ತದೆ. ಈ ಎರಡರಲ್ಲಿ ಯಾವುದು ತಪ್ಪಿದರೂ ಎದುರಿನವರಿಗೆ ನೋವಾಗುತ್ತದೆ. ಮೊದಲ ನೋಟವೇ ಇಲ್ಲದಿದ್ದರೆ ತಾನು ಕಂಬವೋ ಗೋಡೆಯೋ ಎಂಬಂತಾಗುತ್ತದೆ, ಕಣ್ಣು ತಗ್ಗದಿದ್ದರೆ ತಾನು ಬೇಟೆಯೋ ಪ್ರದರ್ಶನದ ವಸ್ತುವೋ ಎಂಬಂತಾಗುತ್ತದೆ. ನೀವು ಬೆಂಗಳೂರಿನಲ್ಲಿ ಕಂಡದ್ದು ಬಹುಮಟ್ಟಿಗೆ ಕಣ್ಣು ತಗ್ಗಿಸಿದ ಘಟ್ಟವನ್ನು. ಅದಕ್ಕೆ ಮುಂಚಿನ ನೋಟ ಅಷ್ಟು ಚುಟುಕಾಗಿರುವುದರಿಂದ ಅದು ಇತ್ತೆಂಬುದೇ ನಿಮ್ಮ ಗಮನಕ್ಕೆ ಬಂದಿಲ್ಲ.

ಎಷ್ಟು ಹೊತ್ತು ನೋಡಿದರೆ ಹೆಚ್ಚಾಗುತ್ತದೆ ಎಂಬುದನ್ನು ಅಳೆದು ನೋಡಿದವರೂ ಇದ್ದಾರೆ. ಲಂಡನ್ನಿನ ವಿಜ್ಞಾನ ಸಂಗ್ರಹಾಲಯಕ್ಕೆ ಬಂದ ನಾನಾ ದೇಶಗಳ ಸಂದರ್ಶಕರಿಗೆ, ನೇರವಾಗಿ ತಮ್ಮತ್ತ ನೋಡುವ ನಟರ ವಿಡಿಯೋ ತೋರಿಸಿ ಮಾಡಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜನರಿಗೆ ಹಿತವೆನಿಸಿದ ನೋಟದ ಅವಧಿ ಸರಾಸರಿ 3.3 ಸೆಕೆಂಡು. ಅದು ಸುರಕ್ಷಿತವಾದ ಕೋಣೆಯಲ್ಲಿ ಪರದೆಯ ಮೇಲಿನ ಮುಖವನ್ನು ನೋಡಿದ ಲೆಕ್ಕ ಎಂಬುದನ್ನು ಮರೆಯಬಾರದು; ತುಂಬಿದ ಬೋಗಿಯಲ್ಲಿ ಗುರುತಿಲ್ಲದವರ ನಡುವೆ ಮೂರು ಸೆಕೆಂಡು ತೀರ ದೀರ್ಘ, ಅಲ್ಲಿ ಒಂದೇ ಸೆಕೆಂಡು ಸಾಕು. 1972ರಲ್ಲಿ ಅಮೆರಿಕದ ಸಂಶೋಧಕರು ಇನ್ನೂ ಸರಳವಾದ ಪ್ರಯೋಗ ಮಾಡಿದರು. ಕೆಂಪು ದೀಪಕ್ಕೆ ನಿಂತ ವಾಹನಗಳ ಚಾಲಕರನ್ನು ಒಬ್ಬರು ಎವೆಯಿಕ್ಕದೆ ನೋಡುತ್ತ ನಿಂತರು. ಹಸಿರು ದೀಪ ಹತ್ತಿದಾಗ, ಹಾಗೆ ನೋಡಿಸಿಕೊಂಡವರು ಉಳಿದವರಿಗಿಂತ ಬೇಗ ವೃತ್ತ ದಾಟಿ ಹೋದರು. ಬೈಯಲಿಲ್ಲ, ಬೆದರಿಸಲಿಲ್ಲ, ಬರೀ ನೋಡಿದ್ದಕ್ಕೆ ಜನ ಜಾಗ ಖಾಲಿ ಮಾಡಿದರು. ಮನುಷ್ಯರ ಕಣ್ಣಿನ ಬಿಳಿ ಭಾಗ ಇತರ ವಾನರ ಜಾತಿಗಳಿಗಿಂತ ಎದ್ದು ಕಾಣುವಂಥದ್ದು. ಹಾಗಾಗಿ ತುಸು ದೂರದಲ್ಲಿ ನಿಂತವರಿಗೂ ನಮ್ಮ ಕಣ್ಣು ಯಾವ ಕಡೆ ತಿರುಗಿದೆ ಎಂಬುದು ಗೊತ್ತಾಗುತ್ತದೆ. ನಾನು ನೋಡುತ್ತಿರುವುದು ಅವರಿಗೆ ತಿಳಿಯಲಾರದು ಎಂಬ ನಂಬಿಕೆಯಿಂದ ನೋಡುವವರು ಇದನ್ನು ತಿಳಿದಿರಬೇಕು.

ನಿಮ್ಮ ಊರಿನ ಬಗ್ಗೆ ಒಂದು ಮಾತು ಹೇಳಬೇಕಾಗಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ‘ಎಲ್ಲಿಗೆ ಹೊಂಟ್ರಿ, ಯಾರ ಪೈಕಿ, ಯಾವಾಗ ಬಂದ್ರಿ’ ಎಂಬ ಮಾತುಗಳ ಹಿಂದಿನ ಅಕ್ಕರೆಯನ್ನು ನಾನೂ ಬಲ್ಲೆ. ಆಸ್ಪತ್ರೆಗೆ ಹೊರಟವರ ಜೊತೆಗೆ ಗಾಡಿ ಹತ್ತುವುದು ಆ ಅಕ್ಕರೆಯೇ. ಆದರೆ ಊರಿನ ಕಟ್ಟೆಯ ಮೇಲಿನ ನೋಟ ಎಲ್ಲರಿಗೂ ಒಂದೇ ತೆರನಾಗಿತ್ತೇ? ‘ಯಾರ ಪೈಕಿ’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ ಕೂಡಲೇ ಕೆಲವರ ಪಾಲಿಗೆ ನಗುವೂ ಕೆಲವರ ಪಾಲಿಗೆ ಗದರಿಕೆಯೂ ಸಿಗುತ್ತಿತ್ತು. ಗೌಡರ, ಧಣಿಗಳ ಮುಂದೆ ಕಣ್ಣೆತ್ತಿ ನಿಂತದ್ದಕ್ಕೇ ಸೊಕ್ಕಿನವನೆನಿಸಿಕೊಂಡು ಪೆಟ್ಟು ತಿಂದವರ ಮೊಮ್ಮಕ್ಕಳು ಇಂದು ನಿಮ್ಮ ಪಕ್ಕದ ಸೀಟಿನಲ್ಲಿ ಕುಳಿತಿರಬಹುದು. ಸಂಜೆ ಏಳರ ಮೇಲೆ ಒಬ್ಬಳೇ ಬಂದದ್ದನ್ನು ಕಟ್ಟೆಯ ಮೇಲಿನವರು ನೋಡಿದರು ಎಂಬ ಕಾರಣಕ್ಕೆ ಓದು ಬಿಡಬೇಕಾಗಿ ಬಂದ ಹುಡುಗಿಯರಿದ್ದಾರೆ. ಅಂಥವರಿಗೆ ಬೆಂಗಳೂರಿನ ಜನ ಕತ್ತೆತ್ತಿ ನೋಡದಿರುವುದು ಬಿಡುಗಡೆಯಂತೆ ಕಾಣುತ್ತದೆ. ನಿಮ್ಮನ್ನು ಉಸಿರುಗಟ್ಟಿಸುವ ಸಂಗತಿಯೇ ಇನ್ನೊಬ್ಬರಿಗೆ ಉಸಿರು ಕೊಡುತ್ತಿದೆ. ನೀವಿಬ್ಬರೂ ಒಂದೇ ಬೋಗಿಯಲ್ಲಿ ಹೋಗಬೇಕಾಗಿರುವುದರಿಂದ, ನೋಟವನ್ನು ಮುಂದುವರಿಸಬೇಕೇ ಬೇಡವೇ ಎಂಬುದನ್ನು ನೋಡಿಸಿಕೊಳ್ಳುವವರ ಇಚ್ಛೆಗೆ ಬಿಡುವುದು ನ್ಯಾಯ.

ಮುಖ ತಿರುಗಿಸಿಕೊಂಡ ಹಿರಿಯರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅವರಿಗೆ ಕಣ್ಣು ಮಂಜಾಗಿರಬಹುದು, ಮನೆಯ ಚಿಂತೆ ಇದ್ದಿರಬಹುದು, ನೀವು ನಕ್ಕದ್ದು ಹಿಂದೆ ನಿಂತವರನ್ನು ನೋಡಿ ಎಂದು ತಿಳಿದಿರಬಹುದು. ಇನ್ನೊಬ್ಬರ ಕಣ್ಣನ್ನು ನೋಡುವುದೇ ಹಿಂಸೆಯಾಗುವವರೂ ಇದ್ದಾರೆ. ಆಟಿಸಂ ಇರುವ ಅನೇಕರು ಹಾಗೆಂದು ಹೇಳಿಕೊಂಡಿದ್ದಾರೆ. ಅಂಥವರು ನೋಟ ತಪ್ಪಿಸಿದರೆ ಅದು ತಿರಸ್ಕಾರವಲ್ಲ.

ದಿನವೂ ಒಂದೇ ಗಾಡಿಗೆ ಬರುವವರ ವಿಷಯಕ್ಕೆ ಬಂದರೆ, ನನ್ನ ಉತ್ತರ ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1972ರ ಸುಮಾರಿಗೆ ನ್ಯೂಯಾರ್ಕ್ ಕಡೆಯ ರೈಲು ನಿಲ್ದಾಣಗಳಲ್ಲಿ ಇಂಥವರನ್ನೇ ಕುರಿತು ವಿಚಾರಿಸಿದ್ದರು. ವರ್ಷಗಟ್ಟಲೆ ಒಂದೇ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುವವರು ಪರಸ್ಪರ ಮುಖ ಬಲ್ಲವರಾಗಿದ್ದರೂ ಮಾತನಾಡಿರಲಿಲ್ಲ, ಮಾತನಾಡದೆ ಕಳೆದ ಕಾಲ ಹೆಚ್ಚಾದಷ್ಟೂ ಮಾತು ಶುರುಮಾಡುವುದು ಇನ್ನಷ್ಟು ಕಷ್ಟವಾಗುತ್ತಿತ್ತು. ಅದೇ ಜನ ದಿನನಿತ್ಯದ ಜಾಗ ಬಿಟ್ಟು ದೂರದ ಊರಿನಲ್ಲಿ ಎದುರಾದರೆ ಹಳೆಯ ಸ್ನೇಹಿತರಂತೆ ಮಾತಿಗಿಳಿಯುವ ಸಂಭವ ಹೆಚ್ಚೆಂದೂ ಅವರು ಕಂಡುಕೊಂಡರು. ಆದ್ದರಿಂದ ನಿಮ್ಮ ಆ ಸಹಪ್ರಯಾಣಿಕರಿಗೆ ತಡಮಾಡದೆ ತಲೆದೂಗಿ. ಅವರು ಗಂಡಸಾಗಿದ್ದರೆ ಸಂಕೋಚ ಬೇಡ. ಹೆಂಗಸಾಗಿದ್ದರೆ ಮೊದಲ ತಲೆದೂಗು ಅವರದ್ದಾಗುವವರೆಗೆ ಕಾಯಿರಿ. ತಿರುಗಿ ತಲೆದೂಗಿದರೆ ಮರುವಾರ ‘ಇವತ್ತು ಗಾಡಿ ತಡ’ ಎನ್ನಬಹುದು, ತೂಗದಿದ್ದರೆ ಅಲ್ಲಿಗೇ ಬಿಡಬೇಕು. ಲಾಲ್‌ಬಾಗಿನಲ್ಲಿ ಬೆಳಗಿನ ಸುತ್ತು ಹಾಕುವವರ ಗೆಳೆತನಗಳೆಲ್ಲ ಬೆಳೆದಿರುವುದು ಹೀಗೆಯೇ.

ನಿಮ್ಮ ಪತ್ರದಲ್ಲಿ ಪ್ರಸ್ತಾಪವಾಗದ ಕೆಲವರ ಬಗ್ಗೆಯೂ ಬರೆಯದಿದ್ದರೆ ಈ ಉತ್ತರ ಅಪೂರ್ಣವಾಗುತ್ತದೆ. ಮೆಟ್ರೊ ನಿಲ್ದಾಣದ ಒಳಗೆ ಕಾಲಿಡುವಾಗ ಲೋಹಶೋಧಕ ಹಿಡಿದು ನಿಮ್ಮ ಮೈ ತಪಾಸಣೆ ಮಾಡುವ ಭದ್ರತಾ ಸಿಬ್ಬಂದಿ, ಬೆಳಕು ಹರಿಯುವ ಮೊದಲೇ ದಾಸರಹಳ್ಳಿಯ ರಸ್ತೆ ಗುಡಿಸುವ ಪೌರಕಾರ್ಮಿಕರು, ನಾಲ್ಕನೆಯ ಮಹಡಿಗೆ ಊಟದ ಪೊಟ್ಟಣ ಹೊತ್ತು ತರುವ ಹುಡುಗ. ಬೋಗಿಯಲ್ಲಿ ಕಣ್ಣು ತಗ್ಗಿಸುವ ಮರ್ಯಾದೆಯನ್ನು ಇವರ ವಿಷಯದಲ್ಲಿ ನೆಪ ಮಾಡಿಕೊಳ್ಳುವಂತಿಲ್ಲ. ಇಲ್ಲಿ ನಡೆಯುತ್ತಿರುವುದು ಬೇರೆಯೇ: ಕಿವಿಯಲ್ಲಿ ಇಯರ್‌ಫೋನು, ಕೈ ಎರಡೂ ಮೇಲೆ, ಕಣ್ಣು ಎಸ್ಕಲೇಟರಿನ ಕಡೆ; ತಪಾಸಣೆ ಮಾಡುವವರಿಗೆ ಒಂದು ಮುಖ ಇದೆ ಎಂಬುದೇ ಸಾಲಿನಲ್ಲಿರುವ ಬಹುಪಾಲು ಜನರ ಗಮನಕ್ಕೆ ಬರುವುದಿಲ್ಲ. ಗುಡಿಸುತ್ತಿರುವವರ ಪೊರಕೆಯ ಮುಂದೆಯೇ ಬಾಳೆಹಣ್ಣಿನ ಸಿಪ್ಪೆ ಎಸೆದು, ಅವರತ್ತ ನೋಡದೆ ನಡೆದುಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆದ, 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ನೇರವಾಗಿ ಸಂಬಂಧಿಸಿದೆ. ದಾರಿಯಲ್ಲಿ ಹೋಗುತ್ತಿದ್ದವರಲ್ಲಿ ಕೆಲವರ ಕಣ್ಣನ್ನು ಸಂಶೋಧಕರ ಕಡೆಯವರೊಬ್ಬರು ನೋಡಿ ಹೋದರು, ಇನ್ನು ಕೆಲವರನ್ನು ಅಲ್ಲಿ ಯಾರೂ ಇಲ್ಲವೇನೋ ಎಂಬಂತೆ ಅವರಾಚೆಗೆ ದೃಷ್ಟಿ ಹಾಯಿಸಿ ಹೋದರು. ಆ ಕೂಡಲೇ ವಿಚಾರಿಸಿದಾಗ, ಕಂಡೂ ಕಾಣದಂತೆ ದಾಟಿಹೋಗಲ್ಪಟ್ಟವರು ಇತರರಿಂದ ತಾವು ಹೆಚ್ಚು ದೂರವಾಗಿದ್ದೇವೆಂದು ಹೇಳಿದರು. ಅದು ಒಂದೇ ಒಂದು ಸಲ ನಡೆದದ್ದರ ಪರಿಣಾಮ. ಪ್ರವೇಶದ್ವಾರದ ಸಿಬ್ಬಂದಿಗೆ ಅದು ಒಂದೊಂದು ಪಾಳಿಯಲ್ಲೂ ಸಾವಿರಾರು ಸಲ ನಡೆಯುತ್ತದೆ.

ಜನರ ಮುಖ ನೋಡಿ ಎರಡು ಮಾತಾಡಬೇಕೆಂಬ ನಿಮ್ಮ ಆಸೆ ಬಹಳ ಒಳ್ಳೆಯದು, ಅದನ್ನು ಈ ಊರಿಗಾಗಿ ಬಿಟ್ಟುಕೊಡಬೇಡಿ. ಬೋಗಿಯೊಳಗೆ ಅದಕ್ಕೆ ಎಡೆ ಕಡಿಮೆ, ಅಲ್ಲಿ ನೋಟಕ್ಕೆ ಕಾರಣವೂ ಇಲ್ಲ, ಮುಗಿಯುವ ಹೊತ್ತೂ ಗೊತ್ತಿಲ್ಲ. ತಪಾಸಣೆಯ ಕಟ್ಟೆಯ ಮೇಲೆ, ಟಿಕೆಟ್ ಕಿಟಕಿಯ ಮುಂದೆ, ಮನೆಯ ಬಾಗಿಲಲ್ಲಿ ಪೊಟ್ಟಣ ತೆಗೆದುಕೊಳ್ಳುವಾಗ ಎರಡೂ ಇವೆ: ಇಬ್ಬರಿಗೂ ಮುಖ ನೋಡಲು ಕಾರಣವಿದೆ, ಕೆಲಸ ಮುಗಿದೊಡನೆ ನೋಟವೂ ಮುಗಿಯುತ್ತದೆ, ಯಾರೂ ತಪ್ಪು ತಿಳಿಯುವುದಿಲ್ಲ. ನಾಳೆ ದಾಸರಹಳ್ಳಿಯಲ್ಲಿ ಕೈ ಎತ್ತಿ ನಿಲ್ಲುವಾಗ ಆ ಸಿಬ್ಬಂದಿಯ ಮುಖ ನೋಡಿ ‘ನಮಸ್ಕಾರ, ಊಟ ಆಯ್ತಾ?’ ಎಂದು ಕೇಳಿ. ಹಿಂದೆ ಸಾಲು ಉದ್ದವಿದ್ದರೆ ಉತ್ತರಕ್ಕೆ ಕಾಯಬೇಡಿ, ಅವರಿಗೆ ಮುಂದಿನವರನ್ನು ನೋಡಬೇಕಾಗಿರುತ್ತದೆ.

– ಸಂಪಾದಕ