ಮಾರುತಿ ಜಿಪ್ಸಿಗೆ ಸ್ವಂತವಾಗಿ ರಾಕ್ ಸ್ಲೈಡರ್ ಮಾಡಿಸುವಾಗ ಅದನ್ನು ಗಾಡಿಯ ಬಾಡಿಯ ತಗಡಿಗೆ ಏಕೆ ವೆಲ್ಡ್ ಮಾಡಬಾರದು?

ಬಂಡೆಯ ಹೊಡೆತದಿಂದ ಗಾಡಿಯ ಬದಿಯನ್ನು ಕಾಯಲು ಬಾಗಿಲುಗಳ ಕೆಳಗೆ ಉದ್ದಕ್ಕೂ ಬರುವ ಈ ಕಬ್ಬಿಣದ ಪೈಪನ್ನು ಚಾಸಿಗೇ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೇ ಕೂರಿಸಬೇಕು. ಏಕೆಂದರೆ ಗಾಡಿ ಬಂಡೆಯ ಮೇಲೆ ಕುಳಿತಾಗ, ಸುಮಾರು ಒಂದು ಟನ್ ತೂಗುವ ಜಿಪ್ಸಿಯ ಅರ್ಧದಷ್ಟು ಭಾರ ಒಂದೇ ಬದಿಗೆ ಬೀಳಬಹುದು, ಅದನ್ನು ತಾಳುವ ಶಕ್ತಿ ಬಾಡಿಯ ತೆಳು ತಗಡಿಗಿಲ್ಲ. ಮೇಲಾಗಿ ಬಾಡಿಯು ಚಾಸಿಯ ಮೇಲೆ ರಬ್ಬರ್ ಬುಷ್‌ಗಳ ಆಧಾರದಲ್ಲಿ ನಿಂತಿರುವುದರಿಂದ ಎರಡೂ ಬೇರೆಬೇರೆಯಾಗಿ ಅಲುಗುತ್ತವೆ. ಎರಡಕ್ಕೂ ಸೇರಿಸಿ ವೆಲ್ಡ್ ಮಾಡಿದರೆ ಬೆಸುಗೆಯ ಅಂಚಿನಲ್ಲೇ ಬಿರುಕು ಕಾಣಿಸಿಕೊಳ್ಳುತ್ತದೆ. ಗೋಡೆ ಕನಿಷ್ಠ 3 ಮಿ.ಮೀ. ದಪ್ಪವಿರುವ ಪೈಪಿಗೆ ಪ್ರತಿ ಬದಿಯಲ್ಲಿ ಚಾಸಿಗೆ ಸೇರುವ ಮೂರು ಕಾಲುಗಳನ್ನು ಕೊಟ್ಟು, ಕಾಲಿನ ಬುಡಕ್ಕೆ ಅಂಗೈಯಗಲದ ಪ್ಲೇಟ್ ಇಟ್ಟರೆ ಹೊಡೆತ ಒಂದೇ ಬಿಂದುವಿಗೆ ತಗಲದೆ ಹಂಚಿಹೋಗುತ್ತದೆ. ಪೈಪಿಗೂ ಬಾಡಿಗೂ ನಡುವೆ ಬೆರಳು ತೂರುವಷ್ಟು ಸಂದು ಬಿಡಿಸಿ. ವೆಲ್ಡಿಂಗ್‌ಗೆ ಮುನ್ನ ಬ್ಯಾಟರಿಯ ತಂತಿ ಕಳಚಿಸಿ, ಬ್ರೇಕ್ ಮತ್ತು ಪೆಟ್ರೋಲ್ ಪೈಪುಗಳು ಎಲ್ಲಿ ಹಾದುಹೋಗಿವೆ ಎಂಬುದನ್ನು ಕಣ್ಣಾರೆ ನೋಡಿಕೊಳ್ಳಿ.